ಎಂಟು ಭೇಷ್

ನಾಯಿಯನ್ನು ಮೊಣಕಾಲಿನಿಂದ ಹಿಂದಿನ ಕೋಣೆಗೆ ತಳ್ಳಿ ಆಕೆ ಚಿಲಕ ಹಾಕಿದಳು. ಮುಂದಿನ ಕೋಣೆಯಲ್ಲಿ ಗಂಡನ ದೇಹವನ್ನು ಆಗಷ್ಟೇ ಆಸ್ಪತ್ರೆಯಿಂದ ತಂದು ಮಲಗಿಸಿದ್ದರು. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವರು, ಸತ್ತವನ ಮುಖ ನೋಡುವರು, ಆಮೇಲೆ ಆಕೆಯ ಹತ್ತಿರ ಬಂದು, "ನಾಯಿ ಎಲ್ಲಿ? ಪಾಪ, ಅದಕ್ಕೆ ಗೊತ್ತಾಗಿದ್ಯಾ?" ಎನ್ನುವರು. ಹತ್ತು ಗಂಟೆಯೊಳಗೆ ಒಂಬತ್ತು ಜನ ಕೇಳಿದ್ದರು.

"ನಿಮ್ಮ ಹೊಟ್ಟೆಗೆ ಏನಾದ್ರೂ ಬಿತ್ತಾ ಅಂತ ಒಬ್ರೂ ಕೇಳಲಿಲ್ಲ ಅತ್ತಿಗೆ," ಎಂದಳು ಪಕ್ಕದಲ್ಲಿ ಕೂತ ನಾದಿನಿ. "ನಾಯಿ ಯೋಗ ನೋಡಿ."

"ಸವತಿ ಅಂದ್ರೆ ಸುಮ್ನೇನಾ?"

"ಆದ್ರೂ ಬಾಡಿಗೆ ಸವತಿ. ವಾಪಸ್ ಕೊಡೋದು ತಾನೆ?"

"ಬೆಳಿಗ್ಗೇನೇ ಫೋನ್ ಮಾಡಿದೀನಿ. ಬಂದು ಕರ್ಕೊಂಡು ಹೋಗ್ತಾರೆ."

ಬೀದಿನಾಯಿಗಳ ಆಶ್ರಯದವರು ಅದನ್ನು ಕೊಟ್ಟದ್ದು ಕಾಯಂ ಮನೆ ಸಿಗುವ ತನಕ ಮಾತ್ರ. ಅರ್ಧಕ್ಕೆ ತುಂಡಾದ ಬಾಲ ಬಾಟಲಿಯ ಬಿರಡೆಯ ಹಾಗೆ ಕಂಡು ಗಂಡ ಬೂಚು ಎಂದು ಹೆಸರಿಟ್ಟ. ಆತನಿಗೆ ತೋಚುವುದೂ ಅಂಥದ್ದೇ. ಗಾಜಿನ ಬಾಟಲಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಕೆಲಸ ಮಾಡಿದವನು. ಬೆಳಕಿನ ಮುಂದೆ ಬಾಟಲಿಗಳು ಸಾಲಾಗಿ ಸಾಗುವವು. ಬಿರುಕು, ಗುಳ್ಳೆ ಕಂಡದ್ದನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. ಸರಿಯಿದ್ದದ್ದನ್ನು ಮುಟ್ಟುವಂತಿಲ್ಲ. ಮನೆಯಲ್ಲೂ ಅದೇ ಪದ್ಧತಿ. ಉಪ್ಪು ಹೆಚ್ಚಾದರೆ ಬಾಯಿ ತೆರೆಯುತ್ತಿತ್ತು; ಹದವಾಗಿದ್ದರೆ ತಟ್ಟೆ ಖಾಲಿಯಾಗುತ್ತಿತ್ತು, ಅಷ್ಟೆ. "ಸರಿ ಇರೋದಕ್ಕೆ ಮಾತ್ಯಾಕೆ?" ಎನ್ನುತ್ತಿದ್ದ.

ಅಂಥವನು ಭಾನುವಾರ ಬಂತೆಂದರೆ ನಾಯಿಯನ್ನು ಹಿಡಿದುಕೊಂಡು ಶಾಲೆಯ ಮೈದಾನದ ತರಬೇತಿಗೆ ಹೊರಡುತ್ತಿದ್ದ. ಅಲ್ಲಿ ಹೊಡೆಯುವಂತಿಲ್ಲ, ಗದರಿಸುವಂತಿಲ್ಲ. ನಾಯಿ ತಪ್ಪಿದರೆ ಕಾಣದ ಹಾಗಿರಬೇಕು. ಸರಿ ಮಾಡಿದ ಕ್ಷಣವೇ ಹೊಗಳಿ ಬಿಸ್ಕತ್ತು ಕೊಡಬೇಕು. ಒಡಹುಟ್ಟಿದವಳ ಮದುವೆಗೂ ಮುದುರಿದ ಅಂಗಿಯಲ್ಲೇ ಹೋಗಿದ್ದವನು ಈ ತರಗತಿಗೆ ಇಸ್ತ್ರಿ ಮಾಡಿಸಿಕೊಂಡ. ಹಿತ್ತಲಿನಿಂದ "ಭೇಷ್ ಬೂಚು, ಭೇಷ್" ಎಂಬ ದನಿ ಅಡುಗೆಮನೆಗೆ ಬಂದಾಗಲೆಲ್ಲ ಆಕೆ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು.

"ನಮ್ಮಣ್ಣನ ಬಾಯಲ್ಲಿ ಭೇಷ್ ಅನ್ನೋದು ಬಂದಿದ್ದು ಒಂದು ನಾಯಿಗೆ," ಎಂದಳು ನಾದಿನಿ.

"ನಂಗೂ ಬಂದಿದೆ. ಎಂಟು ಸಲ," ಎಂದಳು ಆಕೆ, ಸೆರಗು ಸರಿ ಮಾಡಿಕೊಳ್ಳುತ್ತ. "ನಾಯಿಗಿಂತ ಮುಂಚೆ."

*

ತರಬೇತಿ ಶುರುವಾಗಿ ಎರಡು ವಾರ ಕಳೆದಿತ್ತು. ಆಕೆ ಚಹಾ ತಂದುಕೊಟ್ಟಳು. ಗಂಡ ಒಂದು ಗುಟುಕು ಕುಡಿದು, ಕಿಟಕಿಯ ಸರಳಿಗೆ ಹೇಳುವವನಂತೆ, "ಭೇಷ್" ಎಂದ. ಗಂಟಲಿಗೆ ಏನೋ ಸಿಕ್ಕಿತೆಂದು ಆಕೆ ಬೆನ್ನು ತಟ್ಟಲು ಕೈ ಎತ್ತಿದ್ದಳು.

ಮರುದಿನ ಸೂಜಿಗೆ ದಾರ ಪೋಣಿಸಿದಾಗ ಇನ್ನೊಮ್ಮೆ. ಕನ್ನಡಕ ಹುಡುಕಿಕೊಟ್ಟಾಗ ಮತ್ತೊಮ್ಮೆ. ಆಕೆ ತಲೆ ಬಾಚಿಕೊಂಡು ಬಂದು ಚಹಾ ಕೊಡತೊಡಗಿದಳು. ಎಂಟಾದ ಮೇಲೆ ನಿಂತುಹೋಯಿತು. ಯಾಕೆಂದು ಆಕೆ ಕೇಳಲಿಲ್ಲ. ಕೇಳಿ ಹೇಳಿಸಿಕೊಂಡರೆ ಅದು ಹೊಗಳಿಕೆಯೇ ಅಲ್ಲ. ಇದ್ದ ಎಂಟನ್ನೇ ಬೀರುವಿನಲ್ಲಿ ಮಡಚಿಟ್ಟ ಹಾಗೆ ಜೋಪಾನ ಮಾಡಿದಳು.

*

ಹನ್ನೊಂದು ಗಂಟೆಗೆ ದೇಹವನ್ನು ವ್ಯಾನಿಗೆ ಹತ್ತಿಸಿದರು. ಗಂಡಸರು ಹೋದ ಮೇಲೆ ಮೈದಾನದಲ್ಲಿ ತರಬೇತಿ ಕೊಡುತ್ತಿದ್ದ ಹುಡುಗಿ ಬಂದಳು. ಆಶ್ರಯದವರೇ ಕಳಿಸಿದ್ದರು. ಸೊಂಟದಲ್ಲಿ ಬಿಸ್ಕತ್ತಿನ ಚೀಲ, ಕೈಯಲ್ಲಿ ಹಗ್ಗ. ಅತ್ತು ಕಣ್ಣು ಕೆಂಪಾಗಿತ್ತು. ಅದೂ ಆಕೆಗೆ ಹಿಡಿಸಲಿಲ್ಲ.

"ಸರ್ ಥರ ಕಲಿತವರು ಇನ್ನೊಬ್ಬರಿಲ್ಲ ಆಂಟಿ. ಮೊದಮೊದಲು ಅವರು ಭೇಷ್ ಅಂದ್ರೆ ಬೂಚು ಹೆದರಿ ಬೆಂಚಿನ ಕೆಳಗೆ ನುಗ್ಗೋದು. ದನಿ ಹಾಗಿತ್ತು. ಎರಡು ವಾರ ನೋಡ್ದೆ. ಆಮೇಲೆ ಹೋಂವರ್ಕ್ ಕೊಟ್ಟೆ."

"ಏನಂತ?"

"ಮನೇಲಿ ಆಂಟಿ ಇದಾರಲ್ಲ, ದಿನಕ್ಕೊಂದು ಸಲ ಅವರಿಗೆ ಹೇಳಿ ದನಿ ಮೆತ್ತಗೆ ಮಾಡ್ಕೊಂಡು ಬನ್ನಿ ಅಂದೆ. ಬಂದ್ರು ನೋಡಿ, ಒಂದೇ ಸಲ ಭೇಷ್ ಅಂದಿದ್ದು, ಬೂಚು ಓಡಿ ಬಂದು ಕಾಲ ಮೇಲೇ ಕೂತ್ಬಿಡ್ತು. ಎಲ್ಲಾ ನಿಮ್ಮಿಂದಾನೇ ಆಂಟಿ."

ನಾದಿನಿ ತನ್ನ ಲೋಟದ ತಳವನ್ನೇ ನೋಡುತ್ತ ಕೂತಳು.

"ಎಷ್ಟು ದಿನ ಅಂತ ಹೇಳಿದ್ರಿ?" ಎಂದಳು ಆಕೆ.

"ಏಳು. ಸರ್ ಪುಸ್ತಕದಲ್ಲಿ ಏಳು ಗೀಟು ಹಾಕ್ಕೊಂಡು ಬಂದು ತೋರಿಸಿದ್ರು."

ಗಂಡ ಎಣಿಕೆ ತಪ್ಪುವ ಮನುಷ್ಯನಲ್ಲ. ಆಕೆಯೂ ತಪ್ಪಿರಲಿಲ್ಲ. ಒಂದು ಹೆಚ್ಚಾಗಿತ್ತು, ಯಾರೂ ಹೇಳಿಕೊಡದೆ ಬಂದದ್ದು. ಚಹಾದ್ದೋ, ಸೂಜಿಯದ್ದೋ, ಕನ್ನಡಕದ್ದೋ? ಎಂಟನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಒಂದೇ ಥರ ಕಂಡವು.

"ಕರ್ಕೊಂಡು ಹೋಗ್ಲಾ? ಒಳ್ಳೇ ಮನೆ ಸಿಕ್ಕಿದೆ. ಗಂಡ ಹೆಂಡ್ತಿ ಇಬ್ರೇ. ಬೂಚು ಕೂತ್ರೂ ಹೊಗಳ್ತಾರೆ, ನಿಂತ್ರೂ ಹೊಗಳ್ತಾರೆ."

"ಬೇಡ."

"ಬೆಳಿಗ್ಗೆ ನೀವೇ ಫೋನ್ ಮಾಡಿ..."

"ಮಾಡಿದ್ದೆ. ಈಗ ಬೇಡ ಅಂತಿದೀನಿ. ನನ್ನ ಪಾಲಿನ ಏಳು ಭೇಷ್ ಕರಗಿಸಿ ಕಲಿಸಿದ್ದು ಅದಕ್ಕೆ. ಹೋಗಿ ಇನ್ಯಾರದೋ ಮನೇಲಿ ಯಾಕೆ ಕೂತ್ಕೋಬೇಕು?"

ಹುಡುಗಿ ನಾದಿನಿಯ ಮುಖ ನೋಡಿದಳು. "ಹಗ್ಗ ಇಟ್ಟು ಹೋಗಮ್ಮ," ಎಂದಳು ನಾದಿನಿ.

*

ಸಂಜೆ ಐದಕ್ಕೆ ಮನೆ ಖಾಲಿಯಾಯಿತು. ಆಕೆ ಚಿಲಕ ತೆಗೆದಳು. ಬೂಚು ಹೊರಗೆ ಬಂದು ಮುಂದಿನ ಕೋಣೆಯನ್ನೊಮ್ಮೆ ಸುತ್ತಿತು, ಗಂಡನನ್ನು ಮಲಗಿಸಿದ್ದ ಜಾಗವನ್ನು ಮೂಸಿತು. ಆಮೇಲೆ ಆಕೆಯ ಮುಂದೆ ಬಂದು, ಯಾರೂ ಹೇಳದೆಯೇ, ಬೆನ್ನು ನೆಟ್ಟಗೆ ಮಾಡಿ ಕೂತಿತು. ಎತ್ತಿ ಪಕ್ಕಕ್ಕೆ ಹಾಕುವಂಥ ತಪ್ಪು ಎಲ್ಲೂ ಇರಲಿಲ್ಲ.

ಆಕೆ ಡಬ್ಬದಿಂದ ಒಂದು ಬಿಸ್ಕತ್ತು ತೆಗೆದು ಅದರ ಮುಂದೆ ನೆಲದ ಮೇಲೆ ಇಟ್ಟಳು. ತುಟಿ ಬಿಗಿದುಕೊಂಡೇ ಇದ್ದಳು.

ಬೂಚು ಬಿಸ್ಕತ್ತಿಗೆ ಬಾಯಿ ಹಾಕಲಿಲ್ಲ. ಕಿವಿ ನಿಮಿರಿಸಿ, ಆಕೆಯ ತುಟಿಯನ್ನೇ ನೋಡುತ್ತ ಕೂತಿತ್ತು.