ಗುಂಡುತೋಪಿನ ಮಧುನಾಶಿನಿ

ಹೊಂಗೆಮರವನ್ನು ತಬ್ಬಿಕೊಂಡು ಮೇಲೇರಿದ್ದ ಆ ಬಳ್ಳಿಯನ್ನು ನಾನು ಮೊದಲು ಕಂಡದ್ದು ಮದುವೆಯಾಗಿ ಬಂದ ಹೊಸತರಲ್ಲಿ. ಊರ ಗುಂಡುತೋಪಿನಲ್ಲಿ ಉಳಿದಿದ್ದ ಒಂದೇ ಒಂದು ಮಧುನಾಶಿನಿ ಅದು. ಭಾನುವಾರ ಬಂತೆಂದರೆ ನಮ್ಮತ್ತೆ ಗಿರಿಜಾಂಬ ಬೀದಿಯವರನ್ನೆಲ್ಲ ಎಬ್ಬಿಸಿಕೊಂಡು ತೋಪಿಗೆ ಹೊರಡುತ್ತಿದ್ದರು. ಲಂಟಾನ ಕೀಳುವುದು, ಈ ನೆಲದ್ದೇ ಆದ ಗಿಡಬಳ್ಳಿಗಳಿಗೆ ಪಾತಿ ಮಾಡಿ ನೀರು ಹೊಯ್ಯುವುದು, ಇದೇ ಕೆಲಸ. ಹೊಸಬರು ಬಂದರೆ ಆ ಬಳ್ಳಿಯ ಎಲೆಯೊಂದನ್ನು ಅಗಿಯಲು ಕೊಟ್ಟು, ಆಮೇಲೆ ಬಾಯಿಗೆ ಬೆಲ್ಲದ ಚೂರು ಹಾಕುತ್ತಿದ್ದರು. ಬೆಲ್ಲ ಮಣ್ಣಿನ ಹಾಗೆ ಸಪ್ಪಗಾಗುತ್ತಿತ್ತು. ನಾನು ಮುಖ ಕಿವಿಚಿದಾಗ, "ನೋಡಿದ್ಯಾ, ನಮ್ಮೂರ ಬಳ್ಳಿ ತಾಕತ್ತು! ಸಕ್ಕರೆ ಕಾಯಿಲೆಗೆ ಇದೇ ಮದ್ದು" ಎಂದು ಬೀಗಿದ್ದರು. ಊರಿಗೆಲ್ಲ ಹೀಗೆ ಸಾರಿಕೊಂಡು ಬಂದವರೂ ಅವರೇ.

ಒಂದು ಭಾನುವಾರ ಹೋಗಿ ನೋಡಿದರೆ ಹೊಂಗೆಮರ ಬರಿದಾಗಿತ್ತು. ಬಳ್ಳಿಯನ್ನು ಯಾರೋ ಬುಡಸಮೇತ ಅಗೆದುಕೊಂಡು ಹೋಗಿದ್ದರು. ಗುಂಪಿನಲ್ಲಿ ಸಕ್ಕರೆ ಕಾಯಿಲೆಯವರೆಂದರೆ ಜವಳಿ ಅಂಗಡಿಯ ರಾಚಪ್ಪನವರು. ಹಿಂದಿನ ಸಂಜೆ ಅವರು ತೋಪಿನ ಕಡೆಯಿಂದ ಬರುತ್ತಿದ್ದುದನ್ನು ಯಾರೋ ಕಂಡಿದ್ದರಂತೆ. ಅತ್ತೆಗೆ ಅಷ್ಟೇ ಸಾಕಾಯಿತು.

"ಉಂಡ ಮನೆಗೆ ಎರಡು ಬಗೆಯೋ ಬುದ್ಧಿ ಎಲ್ಲಿಂದ ಬಂತು ರಾಚಪ್ಪನೋರೇ? ನಾಲ್ಕು ಎಲೆ ಕೇಳಿದ್ರೆ ಬೇಡ ಅಂತಿದ್ನಾ? ಬೇರನ್ನೇ ಕೀಳೋದಾ?"

"ನಾನಲ್ಲಮ್ಮ," ಎಂದರು ರಾಚಪ್ಪ. ಗುದ್ದಲಿ ಕೆಳಗಿಟ್ಟು ಹೊರಟುಹೋದರು. ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ.

ಅದೇ ವಾರ ಮನೆಯಲ್ಲಿ ಹಬ್ಬ. ತೋಪಿನ ತಂಟೆಗೇ ಬಾರದ ನಮ್ಮ ಮಾವ ಒಂದು ಗುಟುಕು ಪಾಯಸ ಕುಡಿದು, "ಏನಮ್ಮಾ, ಬೆಲ್ಲ ಹಾಕೋದೇ ಮರೆತ್ಯಾ? ಒಳ್ಳೆ ಗಂಜಿ ಇದ್ದ ಹಾಗಿದೆಯಲ್ಲ!" ಎಂದರು. ನಾನು ಗಾಬರಿಯಾಗಿ ರುಚಿ ನೋಡಿದೆ. ಸಿಹಿ ಸರಿಯಾಗಿಯೇ ಇತ್ತು. ಬಡಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

"ಊಟಕ್ಕೆ ಮುಂಚೆ ಏನು ಅಗಿದ್ರಿ?"

ಮಾವ ತಲೆ ತಗ್ಗಿಸಿದರು. "ಡಾಕ್ಟ್ರು ನನಗೂ ಸಕ್ಕರೆ ಕಾಯಿಲೆ ಅಂದ್ರು ಕಣೇ. ನಿನಗೆ ಹೇಳಿದ್ರೆ ಪಥ್ಯ ಶುರು ಮಾಡ್ತೀಯ ಅಂತ ಸುಮ್ಮನಿದ್ದೆ. ಆ ಬಳ್ಳಿ ಎಲೇನೇ ಮದ್ದು ಅಂತ ಸಾರಿದೋಳು ನೀನೇ ತಾನೆ? ನಿನ್ನ ಕಣ್ಣಿಗೆ ಬೀಳದ ಹಾಗೆ ಹಿತ್ತಲ ಮೂಲೇಲಿ ನೆಡೋಣ ಅಂತ ಬುಡಾನೂ ತಂದೆ. ಹತ್ತಲಿಲ್ಲ, ಒಣಗಿಹೋಯ್ತು. ನೀನು ರಾಚಪ್ಪನ್ನ ಬೈದೆ ಅಂತ ಕೇಳಿದ್ಮೇಲಂತೂ ಹೇಳೋಕೆ ಬಾಯೇ ಬರಲಿಲ್ಲ."

ಅತ್ತೆ ಉಣ್ಣಲಿಲ್ಲ. ನನ್ನನ್ನು ಕರೆದುಕೊಂಡು ನೇರ ರಾಚಪ್ಪನವರ ಮನೆಗೆ ಹೋದರು. ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ಚನ್ನವೀರಮ್ಮನ ಕೈ ಹಿಡಿದು, "ತಪ್ಪಾಯ್ತು ಕಣಮ್ಮ" ಎಂದು ಅತ್ತೆ ಅತ್ತೇಬಿಟ್ಟರು.

ಚನ್ನವೀರಮ್ಮ ಕೈ ಬಿಡಿಸಿಕೊಳ್ಳಲಿಲ್ಲ. "ಬೈದಿದ್ದು ತೋಪಿನಲ್ಲಿ, ಹತ್ತು ಜನರ ಮುಂದೆ," ಎಂದರು ನಿಧಾನವಾಗಿ. "ತಪ್ಪಾಯ್ತು ಅನ್ನೋದು ಮಾತ್ರ ನಮ್ಮ ಅಡುಗೆಮನೇಲಾ ಗಿರಿಜಮ್ಮ?"

ಮುಂದಿನ ಭಾನುವಾರ ಚನ್ನವೀರಮ್ಮ ಗಂಡನನ್ನು ತೋಪಿಗೆ ಕರೆತಂದರು. ಅತ್ತೆ ಎಲ್ಲರೆದುರು ನಿಂತರು. "ಬಳ್ಳಿ ಕಿತ್ತಿದ್ದು ನಮ್ಮನೆಯವರು. ರಾಚಪ್ಪನೋರು ಅದನ್ನ ಮುಟ್ಟೂ ಇಲ್ಲ. ಹಿಂದೆಮುಂದೆ ನೋಡದೆ ಕಳ್ಳ ಅಂದೋಳು ನಾನು."

ರಾಚಪ್ಪ 'ಹೋಗಲಿ ಬಿಡಿ' ಎನ್ನಲಿಲ್ಲ. ಗೊಬ್ಬರದ ಗುಡ್ಡೆ ತೋರಿಸಿ, "ಬಿಸಿಲೇರೋದ್ರೊಳಗೆ ಅದನ್ನ ಗಿಡಗಳಿಗೆ ಹಾಕ್ಬೇಕು" ಎಂದರಷ್ಟೆ.

ಪ್ರತಿ ವಾರ ನಿಂತಲ್ಲೇ ನಿಂತು ಕೆಲಸ ಹೇಳುತ್ತಿದ್ದ ಅತ್ತೆ, ಅಂದು ತಲೆಯೆತ್ತದೆ ಬುಟ್ಟಿ ಹೊತ್ತರು. ಇತ್ತ ಕೊಡಿ ಎಂದು ಯಾರೂ ಕೈ ಚಾಚಲಿಲ್ಲ.