ಮಲ್ಲಿಕಾ ಬರೆದ ವಾಕ್ಯ

ಮುತ್ತಿನಕೊಪ್ಪದ ಸೋಮಶೇಖರಪ್ಪ ಮೇಷ್ಟ್ರಿಗೆ ಇಂಗ್ಲಿಷ್ ನುಡಿಗಟ್ಟು ಅಂದರೆ ಪ್ರಾಣ. 2006ರ ದಸರಾ ರಜೆ ಮುಗಿದ ವಾರ ಒಂಬತ್ತನೇ ಕ್ಲಾಸಿಗೆ ‘ಬ್ಲೆಸಿಂಗ್ ಇನ್ ಡಿಸ್ಗೈಸ್’ ಕಲಿಸಿದರು. ಕೇಡಿನ ವೇಷ ಹಾಕಿಕೊಂಡು ಬರುವ ಭಾಗ್ಯ ಅಂತ ಅರ್ಥ. ಶೃಂಗೇರಿ ಬಸ್ಸು ತಪ್ಪಿತು, ಆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು, ತಪ್ಪಿದ್ದೇ ಒಳ್ಳೆಯದಾಯಿತು. ಇಪ್ಪತ್ತು ವರ್ಷದಿಂದ ಅವರು ಕೊಡುವ ಉದಾಹರಣೆ ಇದೊಂದೇ.

ಸ್ವಂತ ವಾಕ್ಯ ಬರೆದು ತನ್ನಿ ಅಂದರೆ ಮಕ್ಕಳೆಲ್ಲ ಬಸ್ಸನ್ನೇ ತಪ್ಪಿಸಿಕೊಂಡು ಬಂದಿದ್ದರು. ಮಲ್ಲಿಕಾ ಒಬ್ಬಳು ಬೇರೆ ಬರೆದಿದ್ದಳು: ಅಪ್ಪ ಅಡಿಕೆ ಮರದಿಂದ ಬಿದ್ದು ಕಾಲು ಮುರಿದುಕೊಂಡದ್ದು ಬ್ಲೆಸಿಂಗ್ ಇನ್ ಡಿಸ್ಗೈಸ್.

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಅವಳಪ್ಪ ಹರೀಶ ಕೊನೆಗಾರ, ಮರ ಹತ್ತಿ ಔಷಧಿ ಹೊಡೆದು ಅಡಿಕೆ ಗೊನೆ ಇಳಿಸುವವನು. ಆಷಾಢದಲ್ಲಿ ಅವನು ಬಿದ್ದದ್ದು ಇವರದೇ ತೋಟದಲ್ಲಿ, ಆಸ್ಪತ್ರೆಗೆ ಸೇರಿಸಿದ್ದೂ ಇವರೇ. ಕೊನೆಗಾರರು ಸಿಗುವುದೇ ಕಷ್ಟ. ಬೇರೆಯವರ ತೋಟಕ್ಕೆ ಹಾರಿಬಿಡದಿರಲಿ ಅಂತ ಸಂಜೆ ಕೂಲಿಯ ಜೊತೆ ಒಂದು ಕ್ವಾರ್ಟರ್ ಬ್ರಾಂದಿ ಕೊಡುವುದು ಊರಿನ ರೂಢಿ. ಕಾಫಿ ಬಿಟ್ಟು ಬೇರೇನೂ ಮುಟ್ಟದ ಮೇಷ್ಟ್ರೂ ತಪ್ಪದೆ ಕೊಡುತ್ತಿದ್ದರು. ಹೆತ್ತಪ್ಪನ ಕಾಲು ಮುರಿದದ್ದು ಭಾಗ್ಯವೇ ಅಂತ ಬೈದುಕೊಂಡು ವಾಕ್ಯದ ಮೇಲೆ ಕೆಂಪು ಗೆರೆ ಎಳೆದರು. ಬುದ್ಧಿ ಹೇಳೋಣ ಅಂತ ಪುಸ್ತಕ ಹಿಡಿದು ಸಂಜೆ ಅವಳ ಮನೆಗೇ ಹೋದರು.

ಮಲ್ಲಿಕಾಳ ತಾಯಿ ಕಮಲ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಮೇಷ್ಟ್ರು ಮೊದಲು ಒಳ್ಳೆ ಸುದ್ದಿ ಹೇಳಿದರು.

“ಹರೀಶನ ಕಾಲು ಪೂರ್ತಿ ಕೂಡಿದೆ ಅಂದ್ರು ಡಾಕ್ಟ್ರು. ಈ ಕೊಯ್ಲಿಗೇ ಮರ ಹತ್ತಬಹುದಂತೆ.”

ಮೊರ ನಿಂತಿತು. “ಇಷ್ಟು ಬೇಗನಾ?” ಅಂದಳು ಕಮಲ.

ಮೊರ ಹಿಡಿದ ಎಡಗೈಯ ಎರಡು ಬೆರಳು ಸೊಟ್ಟಗಿದ್ದವು.

“ಬೆರಳಿಗೆ ಎಂತಾಯ್ತು?”

“ಅದು ಹೋದ ವರ್ಷದ್ದು ಮೇಷ್ಟ್ರೆ. ನಿಮ್ಮ ತೋಟದ ಕೊಯ್ಲು ಇತ್ತಲ್ಲ, ಆ ರಾತ್ರಿ. ಈಗ ಮೂರು ತಿಂಗಳಿಂದ ಅವರು ಕುಡಿದಿಲ್ಲ, ಎಂತದೂ ಇಲ್ಲ.”

ಮೇಷ್ಟ್ರಿಗೆ ನಾಚಿಕೆಯಾಯಿತು. ಬಾಗಿಲ ಬಳಿ ನಿಂತಿದ್ದ ಮಲ್ಲಿಕಾಳಿಗೆ, “ನಿನ್ನ ವಾಕ್ಯ ಸರಿ ಇದೆ, ಮಗಾ. ತಪ್ಪು ನನ್ನದು” ಅಂದರು.

ಅಷ್ಟರಲ್ಲಿ ಒಳಗಿನಿಂದ ಹರೀಶ ಕೂಗಿದ. “ಮೇಷ್ಟ್ರೆ, ಈ ಸಲ ನಿಮ್ಮ ತೋಟಕ್ಕೇ ಮೊದಲು ಬತ್ತೀನಿ. ಸಂಜೆದು ಮಾತ್ರ ಮರೀಬೇಡಿ.”

ತೋಟದ ತುಂಬ ಗೊನೆ ಬಲಿತು ನಿಂತಿದ್ದವು. “ಆಗ್ಲಿ ಮಾರಾಯ” ಅಂತ ರೂಢಿಯ ಮಾತು ಬಾಯಿಂದ ಬಂದೇಬಿಟ್ಟಿತು.

ಮಲ್ಲಿಕಾ ಅವರ ಮುಖ ನೋಡಿದಳು. ಆಮೇಲೆ ಪುಸ್ತಕಕ್ಕೆ ಕೈ ಚಾಚಿದಳು.

“ಕೊಡಿ ಸಾರ್. ನಾನೂ ಬಸ್ಸಿಂದೇ ಬರೀತೀನಿ.”