ಬಲೆ ದಡಕ್ಕೆ ಬರುವ ಮುನ್ನ

ಮೀನೆಣ್ಣೆ ಬಳಿದ ದೋಣಿಯ ವಾಸನೆ, ಅಮೆರಿಕದ ಹೂಸ್ಟನ್ ಪಕ್ಕದ ಕೇಟಿ ಊರಿನ ಮನೆಯಲ್ಲಿ ಸುಮ್ಮನೆ ಕೂತಿದ್ದಾಗಲೂ ಕೋಕಿಲಾಳ ಮೂಗಿಗೆ ಬರುತ್ತಿತ್ತು. ಅವಳು ಚಿಕ್ಕವಳಿದ್ದಾಗ ಅಪ್ಪ ಕಾರವಾರದ ಬಂದರಿನಲ್ಲಿ ಗುಮಾಸ್ತ. ದಡದಲ್ಲಿ ರಂಪಣಿ ಬಲೆ ಎಳೆಯುವವರು ಸಾಲಾಗಿ ನಿಂತು ಹಗ್ಗವನ್ನು ಒಮ್ಮೆ ಜೋರಾಗಿ ಜಗ್ಗಿ, ಎರಡು ಸಣ್ಣ ಹೆಜ್ಜೆ ಹಿಂದಿಡುತ್ತಿದ್ದರು. ಬಲೆ ಹತ್ತಿರ ಬಂದಾಗ ಎಲ್ಲರೂ ನಿಂತುಬಿಡುವರು. ಮೀನಿದೆಯೋ ಇಲ್ಲವೋ, ಯಾರಿಗೂ ಮಾತಿಲ್ಲ. ಆಮೇಲೆ ಕೊನೆಯ ದೊಡ್ಡ ಎಳೆತ.

ಅರಿವಳಿಕೆ ವೈದ್ಯೆಯಾಗಿ ನಿವೃತ್ತಳಾದ ಮೇಲೆ ಅವಳು ಪಿಯಾನೊ ಕಲಿತಳು. ಒಂದು ಭಾರ, ಎರಡು ಹಗುರ ಎಂದು ತೂಗುವ ವಾಲ್ಟ್ಸ್ ಎಂಬ ಪಾಶ್ಚಾತ್ಯ ನೃತ್ಯಸಂಗೀತ ಕೇಳಿದ್ದೇ, ಇದು ನಮ್ಮ ರಂಪಣಿಯಲ್ಲವೇ ಅನ್ನಿಸಿತು. ಕಡಲಿನದೊಂದು ವಾಲ್ಟ್ಸ್ ಬರೆದಳು, ನಡುವಿನ ಆ ಮೌನವನ್ನೂ ಸೇರಿಸಿ. ಬರೆಯುತ್ತಿರುವಾಗಲೇ ಬಲಗಿವಿ ಹೋಯಿತು. ಎಡಗಿವಿಯೂ ಉಳಿಯದು ಎಂದರು ಡಾಕ್ಟರು. ಅಷ್ಟರೊಳಗೆ, ಜನ ತುಂಬಿದ ಸಭೆಯಲ್ಲಿ ಕೂತು ಅದನ್ನು ಒಮ್ಮೆ ಪೂರ್ತಿ ಕೇಳಬೇಕು. ಅವಳಿಗಿದ್ದ ಆಸೆ ಅದೊಂದೇ.

ಡಾಲಸ್‌ನ ವಾದ್ಯವೃಂದವೊಂದು, "ಚೆನ್ನಾಗಿದೆ, ಆದರೆ ಇದರಲ್ಲಿ ಇಂಡಿಯಾ ಎಲ್ಲಿದೆ?" ಎಂದು ಹಿಂತಿರುಗಿಸಿತು. ಆಸ್ಟಿನ್‌ನಲ್ಲಿ ಸಂಗೀತ ಓದುವ ಐವರು ನುಡಿಸಲು ಒಪ್ಪಿದರು. ವೇದಿಕೆ ಸಿಕ್ಕಿದ್ದು ಹೂಸ್ಟನ್ನಿನಲ್ಲಿ, ಕನ್ನಡ ಸಂಘದ ೨೦೧೬ರ ರಾಜ್ಯೋತ್ಸವದಲ್ಲಿ.

"ಲಾಸ್ಟ್ ಐಟಂ ನಿಮ್ದೇ ಆಂಟಿ," ಎಂದ ನಿರೂಪಕ ಪ್ರತಾಪ. "ಹೋಳಿಗೆ ವಾಸ್ನೆ ಬಂದು ಜನ ಎದ್ದೋದ್ರೆ ಮಾತ್ರ ನನ್ನ ಬೈಬೇಡಿ!"

"ಬಾಗಿಲಿಗೆ ಅಡ್ಡ ನಾನು ನಿಂತ್ಕೋತೀನಿ ಬಿಡೋ. ನನ್ನ ದಾಟ್ಕೊಂಡು ಯಾರು ಹೋಗ್ತಾರೆ ನೋಡೋಣ," ಎಂದು ಗೆಳತಿ ವಿಜಯಾ ತನ್ನ ಗಾತ್ರ ತೋರಿಸಿ ನಕ್ಕಳು.

ನಡುವಿನ ಮೌನದ ವಿಷಯ ಪ್ರತಾಪನಿಗೆ ಹೇಳಬೇಕೆಂದು ಕೋಕಿಲಾಳಿಗೆ ಹೊಳೆಯಲೇ ಇಲ್ಲ. ಬಲೆ ಇನ್ನೂ ನೀರಿನಲ್ಲಿರುವಾಗ ಯಾರಾದರೂ ಮನೆಗೆ ಹೋಗುತ್ತಾರೆಯೇ?

ಎಡಗಿವಿಯನ್ನು ವೇದಿಕೆಗೆ ಕೊಟ್ಟು ಮುಂದಿನ ಸಾಲಿನಲ್ಲಿ ಕೂತಳು. ವಾಲ್ಟ್ಸ್ ಶುರುವಾಯಿತು: ಹಗ್ಗ ಬಿಗಿಯಿತು, ಹೆಜ್ಜೆಗಳು ಹಿಂದೆ ಸರಿದವು, ಬಲೆ ಹತ್ತಿರ ಹತ್ತಿರ ಬಂತು. ಪಿಟೀಲುಗಳು ನಿಂತವು. ಕೋಕಿಲಾ ಕೊನೆಯ ಎಳೆತಕ್ಕೆ ಕಾದಳು.

ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಪ್ರತಾಪ ಓಡಿ ಬಂದು ಮೈಕ್ ಹಿಡಿದ. "ಅದ್ಭುತ! ಊಟ ರೆಡಿ ಇದೆ, ಮೊದಲು ಮಕ್ಕಳು, ಹಿರಿಯರು ಬನ್ನಿ!" ಕುರ್ಚಿಗಳು ಸರಿದವು. ವಾದಕರು ಎತ್ತಿದ ಕಮಾನುಗಳನ್ನು ಹಾಗೇ ಹಿಡಿದು ಅವಳತ್ತ ನೋಡಿದರು.

"ಇನ್ನೂ ಇದೆ," ಎಂದಳು ಕೋಕಿಲಾ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಚಪ್ಪಾಳೆಯ ಅಬ್ಬರಕ್ಕೆ ಎಡಗಿವಿಯಲ್ಲಿ ಎದ್ದ ಗುಂಯ್ ಎಂಬ ಸದ್ದು ನಿಲ್ಲಲೇ ಇಲ್ಲ. ಯಾರೋ ಬಂದು ಕೈಕುಲುಕಿದರು; ತುಟಿಗಳಷ್ಟೇ ಅಲ್ಲಾಡಿದವು. ತನ್ನ ತಪ್ಪಿನ ಅರಿವಾದ ಪ್ರತಾಪ ಎದುರಿಗೆ ಬಂದು ಏನೋ ಬೇಡಿಕೊಂಡ, ವೇದಿಕೆಯತ್ತ ಕೈ ತೋರಿಸಿದ. ಇನ್ನು ನುಡಿಸಿದರೂ ಕೇಳುವ ಕಿವಿ ಎಲ್ಲಿದೆ? ಅವಳು ಅವನ ಕೆನ್ನೆ ತಟ್ಟಿ, ಬೇಡವೆಂದು ತಲೆಯಾಡಿಸಿದಳು. ಎಲ್ಲರೂ ಹೋದ ಮೇಲೂ ಚೆಲ್ಲೊ ನುಡಿಸುವ ಹುಡುಗಿ ವಾದ್ಯವನ್ನು ಪೆಟ್ಟಿಗೆಗಿಡದೆ ಸ್ವಲ್ಪ ಹೊತ್ತು ಕೂತಿದ್ದಳು.

ವಿಜಯಾ ಸಾಲಿನಲ್ಲಿ ನಿಂತು ಬಡಿಸಿಕೊಂಡು ಬಂದಳು. ತಟ್ಟೆಯನ್ನು ಗೆಳತಿಯ ಕೈಗಿಟ್ಟಳು.